ಹೊಲಿಗೆ ಮಿಷನ್ನಿಗೆ ತೆಂಗಿನೆಣ್ಣೆ

ಮನೆಯಲ್ಲಿ ಏನು ಕಿರ್ರೆಂದರೂ ತೆಂಗಿನೆಣ್ಣೆ ಬಿಡುವುದು ನನ್ನ ಚಾಳಿ. ಬಾಗಿಲು, ಗೇಟು, ಮಂಚ, ಎಲ್ಲಕ್ಕೂ ಅದೇ ಮದ್ದು. ಈ ಡಿಸೆಂಬರಿನಲ್ಲಿ ಹೆಂಡತಿ ಸರಳಾಳ ಹೊಲಿಗೆ ಮಿಷನ್ ಗೊಣಗತೊಡಗಿದಾಗಲೂ ಅವಳಿಲ್ಲದ ಹೊತ್ತು ನೋಡಿ ಧಾರಾಳವಾಗಿ ಬಿಟ್ಟೆ. ಮುಳಬಾಗಿಲಿನ ಚಳಿಯನ್ನು ಮರೆತಿದ್ದೆ. ಬೆಳಗಾಗುವಷ್ಟರಲ್ಲಿ ಎಣ್ಣೆ ಒಳಗೇ ಹೆಪ್ಪುಗಟ್ಟಿತ್ತು. ಗಾಲಿ ತಿರುಗಲಿಲ್ಲ, ನಾನೂ ಬಿಡಲಿಲ್ಲ. ಲಟಕ್ಕೆಂದಿತು. ಪ್ಲಾಸ್ಟಿಕ್ಕಿನ ಹಲ್ಲುಚಕ್ರದ ಮೂರು ಹಲ್ಲು ಹೋಗಿದ್ದವು.

ಸರಳಾ ಶ್ರೀನಿವಾಸಪುರದ ಕಡೆಯವಳು. ಸಮಾಧಾನವಿದ್ದರೆ ಕನ್ನಡ, ಕೋಪ ಬಂದರೆ ತೆಲುಗು. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಹವಾಮಾನ ವರದಿ ಇದೇ. ಶುಕ್ರವಾರ ತಾಯಲೂರಿನಲ್ಲಿ ಅವಳ ಅಕ್ಕನ ಮಗಳ ಸೀಮಂತ, ಆ ಹುಡುಗಿಯ ರವಿಕೆ ಅರ್ಧಕ್ಕೇ ನಿಂತಿತ್ತು. ಮಿಷನ್ ತಾನಾಗಿಯೇ ಕೆಟ್ಟಿದೆಯೆಂದು ಹೇಳಿ, ಅವಳು ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಅದನ್ನು ಹೊತ್ತುಕೊಂಡು ಹೊರಟೆ.

ಕೋಲಾರದ ಅಂಗಡಿಯಲ್ಲಿ, ಆ ಮಾಡೆಲ್ ನಿಂತುಹೋಗಿದೆ, ಹೊಸದೇ ತಗೊಳ್ಳಿ ಎಂದರು. ಬಟನ್ನಿಗಿಂತ ತುಸು ದೊಡ್ಡ ಚಕ್ರಕ್ಕಾಗಿ ಇಡೀ ಮಿಷನ್ ಬಿಸಾಡಬೇಕಂತೆ! ಮದುವೆಯಲ್ಲಿ ಅವಳಿಗೆ ಸಿಕ್ಕಿದ್ದರಲ್ಲಿ ಇನ್ನೂ ಓಡುತ್ತಿದ್ದುದು ಅದು ಮತ್ತು ನಾನು. ನನ್ನ ವಿಷಯ ಖಾತ್ರಿಯಿಲ್ಲ.

ಪೆಚ್ಚುಮೋರೆ ಹಾಕಿಕೊಂಡು ಊರಿಗೆ ಮರಳಿ, ಬಸ್ ಸ್ಟ್ಯಾಂಡಿನ ಹಿಂದಿನ ಷಬಾನಾಳ ಅಂಗಡಿಗೆ ಹೋದೆ. ಅವಳ ತಂದೆ ಮಿಷನ್ ರಿಪೇರಿ ಮಾಡುತ್ತಿದ್ದವರು. ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಕಲಿತ ಮಗಳು ಅದೇ ಮೇಜಿನ ಮೇಲೆ, ನಕ್ಷೆ ಕೊಟ್ಟರೆ ಪ್ಲಾಸ್ಟಿಕ್ಕಿನಲ್ಲಿ ವಸ್ತುವನ್ನೇ ಅಚ್ಚು ಹಾಕುವ ತ್ರೀಡಿ ಪ್ರಿಂಟರ್ ಇಟ್ಟಿದ್ದಾಳೆ. ಆ ಚಕ್ರದ ನಕ್ಷೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು. ಯಾವ ದೇಶದ ಪುಣ್ಯಾತ್ಮನೋ ಅಳೆದು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿದರೆ ತಿದ್ದಿದ್ದನ್ನೂ ಹಂಚಿ ಎಂದು ಬಿಟ್ಟಿದ್ದ. ಪಕ್ಕದ ಮನೆಯಿಂದ ತರುವ ಮೊಸರಿನ ಹೆಪ್ಪು ನನಗೆ ನೆನಪಾಯಿತು. ಒಂದು ಚಮಚ ಕೊಟ್ಟವರಿಗೆ ಮೊಸರೇನೂ ಕಡಿಮೆಯಾಗುವುದಿಲ್ಲ, ಅವರದು ಕೆಟ್ಟ ದಿನ ನಮ್ಮಲ್ಲಿಗೇ ಬಟ್ಟಲು ಹಿಡಿದು ಬರುತ್ತಾರೆ. ಮಿಕ್ಸಿಯ ಗುಂಡಿ, ಕೊಡೆಯ ಹಿಡಿ, ಸೂಟ್‌ಕೇಸಿನ ಗಾಲಿ ಎಲ್ಲವೂ ಹೀಗೆ ಊರಲ್ಲೇ ಹುಟ್ಟತೊಡಗಿದರೆ, ಮಾಡೆಲ್ ನಿಂತುಹೋಗಿದೆ ಎನ್ನುವವರು ಇನ್ನೇನು ಹೇಳುತ್ತಾರೋ ನೋಡಬೇಕು.

ಮೊದಲ ಚಕ್ರ ಬಿಗಿಯಾಯಿತು. ಷಬಾನಾ ಕೂದಲೆಳೆಯಷ್ಟು ಅಳತೆ ತಿದ್ದಿ, ಹಳೆ ಎಣ್ಣೆಯನ್ನೆಲ್ಲ ಒರೆಸಿ, ಎರಡನೆಯದನ್ನು ಕೂರಿಸಿದಳು. ಮಿಷನ್ ಓಡಿತು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳು ತಿದ್ದಿದ ನಕ್ಷೆಯನ್ನು ಹಂಚಲು ಕೂತು ತಲೆಯೆತ್ತಿದಳು.

“ಹಲ್ಲು ಯಾಕೆ ಮುರೀತು ಅಂತಾನೂ ಬರೀಬೇಕು ಅಂಕಲ್. ಸುಳ್ಳು ಬರೆದ್ರೆ ಇನ್ನೊಬ್ರ ಮಿಷನ್ ಕೆಡುತ್ತೆ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಗದೆ ಎಲ್ಲವನ್ನೂ ಟೈಪ್ ಮಾಡಿದಳು: ತೆಂಗಿನೆಣ್ಣೆ, ಚಳಿ, ಮೊಂಡು ಬಲ. ನನ್ನ ದಡ್ಡತನವೂ ಅಂದಿನಿಂದ ಲೋಕದವರೆಲ್ಲರ ಸ್ವತ್ತಾಯಿತು.

ಲೋಕಕ್ಕೆಲ್ಲ ಹೇಳಿದ ಮೇಲೆ ಮನೆಯಲ್ಲಿ ಮುಚ್ಚಿಡುವುದು ಯಾವ ನ್ಯಾಯ? ಸಂಜೆ ರವಿಕೆಯ ಕೊನೆಯ ಹೊಲಿಗೆ ಮುಗಿಯುವವರೆಗೆ ಕಾದು ಸರಳಾಳಿಗೆ ಹೇಳಿಬಿಟ್ಟೆ. ಅವಳು ದಾರ ಕತ್ತರಿಸಿದಳು. ಯಾವ ಭಾಷೆ ಬರುತ್ತದೋ ಎಂದು ನಾನು ಅವಳ ಬಾಯನ್ನೇ ನೋಡುತ್ತ ನಿಂತೆ.

“ಅವತ್ತೇ ಮಿಷನ್ ಘಮ್ ಅಂತಿತ್ತು. ನೀವು ಯಾವಾಗ ಹೇಳ್ತೀರ ಅಂತ ನೋಡ್ತಾ ಇದ್ದೆ. ಮಿಷನ್ ಎಣ್ಣೆ ಆ ಡ್ರಾಯರ್‌ನಲ್ಲೇ ಇರುತ್ತೆ.”

ಕೊನೆಯ ಮಾತಿನವರೆಗೂ ಕನ್ನಡವೇ. ಅಬ್ಬಾ, ಬದುಕಿದೆ.