ಹುಳುಮನೆಯ ಪಂಕ್ತಿ

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ಹೊಳೆಯುವ ಚರ್ಮ. ಉಳಿದ ಬೆರಳುಗಳು ಜಗಳವಾಡಿಕೊಂಡವರಂತೆ ದೂರ ದೂರ ನಿಂತಿದ್ದವು. ಮುಖಕ್ಕಿಂತ ಮೊದಲು ನಾನು ಕಂಡದ್ದು ಆ ಪಾದವನ್ನೇ. ಮದುವೆಯಾಗಿ ದೇವನಹಳ್ಳಿಗೆ ಬಂದ ಹೊಸದು. ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ತಲೆಯೆತ್ತಿದರೆ ಹಿತ್ತಲ ಬಾಗಿಲಿನ ಹೊಸ್ತಿಲಾಚೆ ಒಂದು ಜೊತೆ ಬರಿಗಾಲು. ನಮ್ಮ ಹಿತ್ತಲ ತುಂಬ ಚಕ್ಕೋತದ ಒಣಗಿದ ಎಲೆಗಳು ಬಿದ್ದಿರುತ್ತಿದ್ದವು. ಬೆಕ್ಕು ನಡೆದರೂ ಸರಸರ ಎನ್ನುತ್ತಿತ್ತು. ಇವರು ಬಂದದ್ದು ಮಾತ್ರ ಕೇಳಿಸಿರಲಿಲ್ಲ.

"ಹೆದರ್ಕೋಬೇಡ ತಾಯಿ, ಪಕ್ಕದ್ ಮನೆಯೋನು. ಅಕ್ಕ ಈ ಹಣ್ಣು ಕೊಟ್ಬಾ ಅಂದ್ಲು," ಎಂದು ಒಂದು ಚಕ್ಕೋತವನ್ನು ಹೊಸ್ತಿಲ ಮೇಲಿಟ್ಟರು.

ಊರಿನವರು ಅವರನ್ನು ಫುಟ್‌ಬಾಲ್ ಅಣ್ಣ ಎನ್ನುತ್ತಿದ್ದರು. ನಾನು ಬರಿ ಅಣ್ಣ ಎನ್ನುತ್ತಿದ್ದೆ. ವಯಸ್ಸು ಐವತ್ತರ ಹತ್ತಿರ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ವಿಧವೆಯಾದ ಅಕ್ಕನ ಜೊತೆ ಇದ್ದರು. ಆ ಅಕ್ಕನನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಅಣ್ಣ ವಯಸ್ಸಿನಲ್ಲಿ ದೇಶದ ತಂಡಕ್ಕೆ ಆಡಿದವರು, ಹಡಗು ಹತ್ತಿ ಹೋಗಿ ಬೂಟು ಹಾಕಿದ ಬಿಳಿಯರ ಎದುರು ಬರಿಗಾಲಲ್ಲಿ ಓಡಿದವರು. ಅವರ ನಡುಮನೆಯ ಗೋಡೆಯಲ್ಲಿ ಆ ತಂಡದ ಫೋಟೋ ಇತ್ತು. ಆರು ಜನ ನಿಂತಿದ್ದಾರೆ, ಐದು ಜನ ಮುಂದೆ ಕೂತಿದ್ದಾರೆ. ಅಣ್ಣ ನಿಂತವರಲ್ಲಿ ಕೊನೆಯವರು. ಕತ್ತು ಒಂದಿಷ್ಟು ಪಕ್ಕಕ್ಕೆ ವಾಲಿದೆ, ಚೌಕಟ್ಟಿನ ಆಚೆಯಿಂದ ಯಾರೋ ಕರೆದ ಹಾಗೆ.

ಆಟದ ಬಗ್ಗೆ ಅವರು ಮಾತಾಡಿದ್ದೇ ಕಡಿಮೆ. ಎಷ್ಟು ಗೋಲು, ಯಾರು ಗೆದ್ದರು ಎಂದರೆ "ಮರ್ತೋಗಿದೆ ತಾಯಿ" ಎಂದುಬಿಡುತ್ತಿದ್ದರು. ಆದರೆ ಆಡಿದವರು ಒಬ್ಬೊಬ್ಬರೂ ಏನು ತಿನ್ನುತ್ತಿದ್ದರು ಎಂದು ಕೇಳಿ, ಸಂಜೆಯವರೆಗೆ ಹೇಳುತ್ತಿದ್ದರು. ಇಂಥವನಿಗೆ ಗಂಜಿಗೆ ಸಕ್ಕರೆ ಬೇಕು, ಇಂಥವನು ಈರುಳ್ಳಿ ಮುಟ್ಟುವುದಿಲ್ಲ, ಮತ್ತೊಬ್ಬ ಪಂದ್ಯದ ಹಿಂದಿನ ದಿನ ಹಣ್ಣು ಬಿಟ್ಟು ಬೇರೇನೂ ತಿನ್ನುವುದಿಲ್ಲ. "ಒಂದೇ ಪಂಕ್ತೀಲಿ ಉಂಡೋರು ತಾಯಿ," ಎನ್ನುತ್ತಿದ್ದರು, ಅದಕ್ಕಿಂತ ದೊಡ್ಡ ನಂಟು ಇಲ್ಲವೆಂಬಂತೆ.

ನಾನು ಬಂದ ಎರಡನೆಯ ವರ್ಷ ಅವರ ತಂಡದಲ್ಲಿ ಗೋಲು ಕಾಯುತ್ತಿದ್ದ ಗೋಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅದಾದ ಸ್ವಲ್ಪ ದಿನಕ್ಕೆ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಹೋದವರಿಗೆ ಏನು ಇಷ್ಟವೋ ಅದನ್ನೇ ಮಾಡಿ, ಎಲೆಯ ಮೇಲೆ ಎಡೆ ಇಟ್ಟು, ಬಾಗಿಲು ಮುಚ್ಚಿ ಅರ್ಧ ಗಂಟೆ ಎಲ್ಲರೂ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಅಣ್ಣ ಆ ಗೋಲಿಗೂ ಒಂದು ಎಡೆ ಇಡುತ್ತೇನೆಂದರು. ದೊಡ್ಡಮ್ಮ ಬಿಲ್‌ಕುಲ್ ಒಪ್ಪಲಿಲ್ಲ.

"ನಮ್ ಹಿರಿಯರು ಕೂತಿರೋ ಕಡೆ ಅವನ್ ಯಾವನೋ ಪ್ಯಾಂಟು ಹಾಕ್ಕಂಡ್ ಬಂದು ಕೂತ್ಕಂಡ್ರೆ, ನಮ್ಮಪ್ಪ ಎದ್ದೋಯ್ತಾನೆ ಕಣ್ಲಾ! ಬದ್ಕಿದ್ದಾಗ್ಲೇ ಪಂಕ್ತಿಲಿ ಕೊಸರಾಡ್ತಿದ್ದ ಮನ್ಷ."

"ಹಂಗಾದ್ರೆ ಹುಳುಮನೇಲಿ ಇಡ್ತೀನಿ ಬಿಡಕ್ಕ."

"ಹುಳ ಇಲ್ದಿರೋ ಕಾಲ. ಏನಾರಾ ಮಾಡ್ಕೋ. ನಾನಂತೂ ಬೇಯ್ಸಾಕಲ್ಲ."

ಹುಳುಮನೆ ಎಂದರೆ ಅವರ ಹಿತ್ತಲಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಕೋಣೆ. ಉದ್ದನೆಯದು, ಕಿಟಕಿ ಸಣ್ಣದು, ಬಿದಿರ ತಟ್ಟೆಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಿದ್ದರು. ನಡುಮಧ್ಯಾಹ್ನವೂ ಒಳಗೆ ಮುಸ್ಸಂಜೆ. ಅಂದು ಅಣ್ಣ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಮತ್ತೆ ಸದ್ದಿಲ್ಲದೆ ನಿಂತರು.

"ತಾಯಿ, ಬ್ರೆಡ್ ಪುಡ್ಡಿಂಗ್ ಅಂತಾರಲ್ಲ, ಅದು ನಿಂಗೆ ಬರುತ್ತಾ?"

ಬರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಹತ್ತಾರು ಅಡುಗೆಗಳಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಬ್ರೆಡ್ಡು ಸಂತೆಯ ದಿನ ಮಾತ್ರ ಬರುತ್ತಿತ್ತು, ಒಣಗಿದ್ದನ್ನೇ ಹಾಲಿಗೆ ಹಾಕಿ, ಒಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಮಾಡಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು ನಕ್ಕರು. "ಸಿಸ್ಟರು ಕಲಿಸಿದ ಪುಡ್ಡಿಂಗು ನಂಗಿಂತ ಮೊದ್ಲು ದೆವ್ವಕ್ಕೆ ಹೋಯ್ತಲ್ಲೇ!"

ಅಣ್ಣ ಎಲೆ ಹಾಸಿದರು, ಪುಡ್ಡಿಂಗ್ ಇಟ್ಟರು, ಗೋಲಿ ಕೈಯಲ್ಲಿ ತಿನ್ನುವವನಲ್ಲ ಎಂದು ಒಂದು ಚಮಚವನ್ನೂ ಇಟ್ಟು ಬಾಗಿಲು ಮುಚ್ಚಿದರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗೆ ಮಣ್ಣಿನ ನೆಲದ ಮೇಲೆ ಏನೋ ಸವರಿದ ಸದ್ದು. ಒರಟು ಪಾದವೊಂದನ್ನು ನಿಧಾನವಾಗಿ ಎಳೆದ ಹಾಗೆ. ಬಿದಿರ ತಟ್ಟೆಗಳ ಸಂದಿಯಲ್ಲಿ ಇಲಿ ಇರಬಹುದು ಎಂದುಕೊಂಡೆ. ಅಣ್ಣ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದರು, ಮಲಗಿದ ಮಗುವನ್ನು ಎಬ್ಬಿಸಬೇಡ ಎನ್ನುವವರಂತೆ. ಬಾಗಿಲು ತೆಗೆದಾಗ ಪುಡ್ಡಿಂಗ್ ಹಾಗೆಯೇ ಇತ್ತು. ಚಮಚ ಮಾತ್ರ ಬೋರಲಾಗಿತ್ತು.  

ಮುಂದಿನ ವರ್ಷಕ್ಕೆ ಎಲೆ ಎರಡಾದವು. ಬಂಗಾಳದ ಒಬ್ಬ ಆಟಗಾರರು ತೀರಿಕೊಂಡಿದ್ದರು. ಅವರಿಗೆ ಸಾಸಿವೆ ಅರೆದು ಹಾಕಿದ ಮೀನು ಬೇಕು. ಕೆರೆಯ ಮೀನು ತರಿಸಿ, ಅಣ್ಣ ಪಕ್ಕದಲ್ಲಿ ನಿಂತು "ಸಾಸ್ವೆ ಇನ್ನೊಂಚೂರು" ಎಂದು ಹೇಳಿದ ಹಾಗೆ ಮಾಡಿದೆ.

ಅದರ ಮುಂದಿನ ವರ್ಷ ನನ್ನಿಂದ ತಪ್ಪಾಯಿತು.

ಹಬ್ಬಕ್ಕೆ ನಾಲ್ಕು ದಿನವಿತ್ತು. ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ಬಿಡಿಸಿದರೆ, ಅಣ್ಣನ ಗೋಡೆಯ ಮೇಲಿದ್ದ ಅದೇ ಫೋಟೋ! ಕೆಳಗೆ ಎರಡು ಸಾಲು. ಎಡದಿಂದ ಮೂರನೆಯವರು ಮೊನ್ನೆ ತೀರಿಕೊಂಡರು ಎಂದಿತ್ತು. ಹೆಸರಿದ್ದ ಜಾಗ ಹರಿದುಹೋಗಿತ್ತು, ಒಂದು ಕಡೆ ಎಣ್ಣೆಯ ಕಲೆ. ಅಣ್ಣನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ಅವರ ನಡುಮನೆಗೆ ಹೋಗಿ, ಗೋಡೆಯ ಫೋಟೋದಲ್ಲಿ ನಿಂತವರನ್ನು ಎಡದಿಂದ ಎಣಿಸಿ ಮೂರನೆಯವರ ಮೇಲೆ ಬೆರಳಿಟ್ಟೆ.

ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅದು ಹೈದರಾಬಾದಿನ ಗೆಳೆಯ. ಆಟದಲ್ಲಿ ಇಬ್ಬರೂ ಅಕ್ಕಪಕ್ಕ. ಒಮ್ಮೆ ಈ ಮನೆಗೂ ಬಂದು ಎರಡು ದಿನ ಇದ್ದವರು. ದೊಡ್ಡಮ್ಮ ಬಡಿಸಿದ ರಾಗಿಮುದ್ದೆ ನೋಡಿ, "ನಿಮ್ಮೂರಲ್ಲಿ ಚೆಂಡನ್ನೇ ನುಂಗ್ತೀರಲ್ಲೋ!" ಎಂದು ನಗಾಡಿ, ಹುರುಳಿಕಾಳಿನ ಬಸ್ಸಾರಿನಲ್ಲಿ ಎರಡು ಮುದ್ದೆ ನುಂಗಿದ್ದರಂತೆ.

ಆ ಅಮಾವಾಸ್ಯೆಗೆ ಪುಡ್ಡಿಂಗು, ಮೀನು, ಮುದ್ದೆ ಬಸ್ಸಾರು. ಮೂರು ಎಲೆ. ಬಾಗಿಲು ಮುಚ್ಚಿ ಕೂತೆವು. ಆವತ್ತು ಒಳಗಿಂದ ಯಾವ ಸದ್ದೂ ಬರಲಿಲ್ಲ. ಇಲಿಯೂ ಇಲ್ಲ. ಹಿತ್ತಲ ಕಾಗೆಗಳೂ ಸುಮ್ಮನಿದ್ದವು. ಅಣ್ಣ ಎರಡು ಸಲ ನನ್ನ ಮುಖ ನೋಡಿದರು. ಅರ್ಧ ಗಂಟೆ ಕಳೆದು ಬಾಗಿಲು ತೆಗೆದರೆ, ಮೊದಲ ಎರಡು ಎಲೆಗಳಿಗೆ ಇರುವೆ ಸಾಲು ಹಿಡಿದಿತ್ತು. ಮೂರನೆಯ ಎಲೆಯ ಹತ್ತಿರ ಒಂದೂ ಇರಲಿಲ್ಲ. ಅದರ ಮುದ್ದೆಯಿಂದ ಆಗ ತಾನೇ ಒಲೆಯಿಂದ ಇಳಿಸಿದ ಹಾಗೆ ಹಬೆ ಏಳುತ್ತಿತ್ತು.

ಮುದ್ದೆ ಬೇಗ ಆರುವುದಿಲ್ಲ, ನನಗೂ ಗೊತ್ತು. ಆದರೆ ಅಣ್ಣನ ಮುಖ ಬೂದಿಯಾಯಿತು.

"ಇದು ಬದುಕಿರೋನ ಎಡೆ ತಾಯಿ."

ಮನೆಗೆ ಓಡಿ ಆ ಹಾಳೆಯನ್ನು ಬೆಳಕಿಗೆ ಹಿಡಿದೆ. ಎಣ್ಣೆಯ ಕಲೆಯ ಅಡಿಯಲ್ಲಿ ಒಂದು ಪದ ಮಸುಕಾಗಿ ಮೂಡಿತು. ಕುಳಿತವರಲ್ಲಿ. ಹೋದವರು ಕೂತ ಸಾಲಿನ ಮೂರನೆಯವರು. ನಾನು ಎಣಿಸಿದ್ದು ನಿಂತ ಸಾಲು.

ಅಳುತ್ತಲೇ ಹೋಗಿ ಹೇಳಿದೆ. ಅಣ್ಣ ಬಯ್ಯಲಿಲ್ಲ. ದೊಡ್ಡಮ್ಮ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಎಡೆ ಇಕ್ಕಿ ಕರೆದ್ಮೇಲೆ ಯಾರಾದ್ರೂ ಒಬ್ರು ಹೋಗ್ಲೇಬೇಕಲ್ಲವ್ವಾ. ಖಾಲಿ ಕರೆಯೋ ಹಂಗಿಲ್ಲ."

"ಸುಮ್ನಿರಕ್ಕ," ಎಂದರು ಅಣ್ಣ. ಆಮೇಲೆ ನನ್ನ ಕಡೆ ತಿರುಗಿದರು. "ಒಂದ್ ಕಾಗ್ದ ಬರೀ ತಾಯಿ. ಹುಷಾರಾಗಿದ್ದೀಯಾ ಅಂತ ಮಾತ್ರ ಕೇಳು. ಬೇರೇನೂ ಬೇಡ. ಅವನು ಯಾರ್ ಕರೆದ್ರೂ ಬರಲ್ಲ ಅಂದೋನಲ್ಲ, ಅದೇ ನಂಗ್ ಭಯ."

ಮಾರನೆಯ ದಿನ ನಿಜವಾಗಿ ಹೋದವರಿಗೆ ಬೇಯಿಸಿದ ಕಡಲೆಕಾಯಿ ಎಡೆ ಇಟ್ಟು, "ತಪ್ಪಾಯ್ತಪ್ಪ" ಎಂದು ಎಲೆಯ ಎದುರು ಗಟ್ಟಿಯಾಗಿ ಕ್ಷಮೆ ಕೇಳಿದರು. ಆಮೇಲೆ ಕಾಯುವುದು ಶುರುವಾಯಿತು. ಅಂಚೆಯವನ ಸೈಕಲ್ ಬೀದಿಯ ತುದಿಯಲ್ಲಿ ಕಂಡರೆ ಅಣ್ಣ ಎದ್ದು ನಿಲ್ಲುತ್ತಿದ್ದರು. ಒಂಬತ್ತು ದಿನ ಅವರು ಸರಿಯಾಗಿ ಉಂಡದ್ದನ್ನು ನಾನು ಕಾಣಲಿಲ್ಲ.  ಒಬ್ಬ ಮನುಷ್ಯ ಎಲ್ಲೋ ಹೈದರಾಬಾದಿನಲ್ಲಿ ಮಲಗಿ ಏಳದಿದ್ದರೆ ಅದು ನನ್ನ ಬೆರಳಿನಿಂದ.

ಹತ್ತನೆಯ ದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಹಿತ್ತಲ ಹೊಸ್ತಿಲಾಚೆ ಒಂದು ಜೊತೆ ಬರಿಗಾಲು. ಎಲೆ ಸದ್ದಾಗಿರಲಿಲ್ಲ. ಅಣ್ಣ ಎಂದುಕೊಂಡು ತಲೆಯೆತ್ತಿದೆ. ಅಣ್ಣನಲ್ಲ. ಬಡಕಲು ಎತ್ತರದ ಮನುಷ್ಯ, ಬಿಳಿ ಜುಬ್ಬ, ಕಣ್ಣ ಕೆಳಗೆ ಕಪ್ಪು, ಚಪ್ಪಲಿ ಕೈಯಲ್ಲಿ. ಗೋಡೆಯ ಫೋಟೋದಲ್ಲಿ ನಾನು ಬೆರಳಿಟ್ಟ ಮುಖ.

"ಬೆಹನ್, ಊಟಕ್ಕೆ ಕರೆದಿದ್ರಿ," ಎಂದರು ಮುರುಕು ಕನ್ನಡದಲ್ಲಿ. "ಬಂದೆ."

ಮೊರ ನನ್ನ ಕೈಯಿಂದ ಜಾರಿತು. ಊಟದ ಮಾತನ್ನು ನಾನು ಕಾಗದದಲ್ಲಿ ಬರೆದಿರಲೇ ಇಲ್ಲ.

ನನ್ನ ಕೂಗು ಕೇಳಿ ಅಣ್ಣ ಬೇಲಿ ದಾಟಿ ಬಂದರು. ಗೆಳೆಯನನ್ನು ನೋಡಿದವರು ಹತ್ತಿರ ಹೋಗಲಿಲ್ಲ. ನಾಲ್ಕು ಮಾರು ದೂರದಲ್ಲೇ ನಿಂತರು.

"ಕಾಲ್ ತೋರ್ಸು ಮಿಯಾ ಮೊದ್ಲು."

"ಏನ್ ಕಾಲು?"

"ತೋರ್ಸೋ ಅಂದ್ರೆ! ಪಂಚೆ ಎತ್ತು."

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಗೆಳೆಯ ಪಂಚೆ ಎತ್ತಿ ಒಂದೊಂದೇ ಕಾಲನ್ನು ಮುಂದಿಟ್ಟು ತೋರಿಸಿದರು. ಅಣ್ಣ ಮಂಡಿಯೂರಿ ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕೊನೆಗೆ ಸೊಟ್ಟಗಾಗಿದ್ದ ಕಿರುಬೆರಳನ್ನು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟರು. "ಇವ್ನೇ. ಇವ್ನೇ ತಾಯಿ."

ದೊಡ್ಡಮ್ಮ ಅಂದು ತಾವೇ ಬಸ್ಸಾರು ಮಾಡಿ ಬಡಿಸಿದರು. ಉಣ್ಣುತ್ತಾ ಗೆಳೆಯ ಹೇಳಿದರು. ಆ ಅಮಾವಾಸ್ಯೆಯ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಒಂದು ತುತ್ತೂ ಇಳಿಯಲಿಲ್ಲವಂತೆ. ಎರಡು ಮುದ್ದೆ ನುಂಗಿದಷ್ಟು ಹೊಟ್ಟೆ ಭಾರ. ಬಾಯಲ್ಲಿ ಇಪ್ಪತ್ತು ವರ್ಷದಿಂದ ಮುಟ್ಟದ ಹುರುಳಿಯ ರುಚಿ. ಮೂರು ದಿನ ಅದೇ ತೇಗು. ಹೆಂಡತಿ ಹಕೀಮರನ್ನು ಕರೆಸಿದ್ದರು. ಅಷ್ಟರಲ್ಲಿ ನನ್ನ ಕಾಗದ ಬಂತು. ಯಾವ ಊರಿಂದ ಬಂತೆಂದು ನೋಡಿದ್ದೇ ಚೀಲ ಹಿಡಿದು ಹೊರಟರಂತೆ. "ಅಲ್ಲೇ ತಿಂದೆ, ಇಲ್ಲಿ ಬಂದು ಕೈ ತೊಳೀಬೇಕು ಅನ್ನಿಸ್ತು," ಎಂದು ನಕ್ಕರು.  ಎಡೆಯ ವಿಷಯ ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗೆಳೆಯನನ್ನು ಬಸ್ಸಿಗೆ ಹತ್ತಿಸಿ ಬಂದ ಅಣ್ಣ ನಮ್ಮ ಹೊಸ್ತಿಲಲ್ಲಿ ನಿಂತರು. ಆ ದಿನ ಅವರ ಮುಖ ತೊಳೆದ ಹಾಗಿತ್ತು.

"ನಮ್ ಕಾಲ್ದಲ್ಲಿ ಒಬ್ಬ ಬಿದ್ರೆ ಅವನ್ ಬದ್ಲು ಇನ್ನೊಬ್ಬ ಮೈದಾನಕ್ಕಿಳಿಯೋ ಹಂಗಿರ್ಲಿಲ್ಲ ತಾಯಿ. ಹತ್ತೇ ಜನ ಆಡ್ಬೇಕು. ಈಗೀಗ ಬಿಡ್ತಾರಂತೆ. ಒಳ್ಳೇದಾಯ್ತು."

ಏನೋ ಆಟದ ಮಾತು ಎಂದು ನಾನು "ಹೌದಾ ಅಣ್ಣ" ಎಂದೆ.

ಸಂಕ್ರಾಂತಿ ಕಳೆದು ವಾರವಾಗಿತ್ತು. ಒಂದು ಮಧ್ಯಾಹ್ನ ಅಣ್ಣ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಿದ್ದೆ ಬಂದಿರಬೇಕೆಂದು ದೊಡ್ಡಮ್ಮ ಎಬ್ಬಿಸಲಿಲ್ಲ. ಬಿಸಿಲು ಕಾಲಿನಿಂದ ಎದೆಯವರೆಗೆ ಏರಿದರೂ ಸರಿದು ಕೂರದಿದ್ದಾಗ ಹೋಗಿ ಭುಜ ಮುಟ್ಟಿದರು. ಡಾಕ್ಟರು ಹೃದಯ ಎಂದರು. ಇರಬಹುದು. ಸಿಸ್ಟರುಗಳು ನನಗೆ ಕಲಿಸಿದ ಪಾಠದಲ್ಲಿ ಎಡೆಗೂ ಸಾವಿಗೂ ಸಂಬಂಧವಿಲ್ಲ. ನನ್ನ ಯಜಮಾನರೂ ಅದನ್ನೇ ಸಾವಿರ ಸಲ ಹೇಳಿದರು. ನಾನು ಕೇಳಿಕೊಂಡೆ. ಆದರೆ ಒಬ್ಬನ ಬದಲು ಇನ್ನೊಬ್ಬ ಎಂದ ಅಣ್ಣನ ಮಾತು ಕಿವಿಯಿಂದ ಹೋಗಲಿಲ್ಲ.

ಆ ವರ್ಷದ ಮಹಾಲಯಕ್ಕೆ ಹೈದರಾಬಾದಿನ ಗೆಳೆಯ ಯಾರೂ ಕರೆಯದೆಯೇ ಬಂದರು. ದೊಡ್ಡಮ್ಮ ಒಳಗೆ ಹಿರಿಯರಿಗೆಲ್ಲ ಎಡೆ ಇಟ್ಟು, ಇನ್ನೊಂದು ಎಲೆ ಕೈಯಲ್ಲಿ ಹಿಡಿದು ತಾವಾಗಿ ಹಿತ್ತಲಿಗೆ ಬಂದರು. "ನನ್ ತಮ್ಮ ಅಲ್ಲಿ ನಮ್ಮಪ್ಪನ್ ಜತೆ ಕೂರಲ್ಲ. ಇಲ್ಲೇ ಕೂರೋದು ಅವ್ನು." ಹುಳುಮನೆಯ ಸಾಲಿನ ಕೊನೆಯಲ್ಲಿ ಆ ಎಲೆ ಹಾಸಿದರು.

ಪುಡ್ಡಿಂಗು, ಮೀನು, ಕಡಲೆಕಾಯಿ ಇಟ್ಟಾಯಿತು. ನಾಲ್ಕನೆಯ ಎಲೆಯ ಮುಂದೆ ನಾನು ಸೌಟು ಹಿಡಿದು ನಿಂತೆ.

"ಏನ್ ಇಷ್ಟ ಅವನಿಗೆ, ಬೆಹನ್?" ಎಂದರು ಗೆಳೆಯ.

ನಾನು ದೊಡ್ಡಮ್ಮನ ಮುಖ ನೋಡಿದೆ. ಅವರು ಗೆಳೆಯನ ಮುಖ ನೋಡಿದರು.

"ಏನ್ ಬಡಿಸಿದ್ರೂ ಉಣ್ತಿದ್ದ. ಇದ್ ಬೇಕು ಅಂತ ಕೇಳ್ದೋನೇ ಅಲ್ಲ," ಎಂದರು ದೊಡ್ಡಮ್ಮ.

"ಹಡಗಲ್ಲೂ ಹಂಗೇ," ಎಂದರು ಗೆಳೆಯ. "ನಮ್ ತಟ್ಟೆ ನೋಡ್ತಿದ್ದ. ಅವನ್ ತಟ್ಟೆ ನಾವ್ ನೋಡ್ಲಿಲ್ಲ."

ಎಷ್ಟು ವರ್ಷ ನನ್ನ ಒಲೆಯ ಪಕ್ಕ ನಿಂತಿದ್ದರು. ನಿಮಗೇನು ಇಷ್ಟ ಅಣ್ಣ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಿಡವ್ವಾ. ಹಂಗೇ ಇರ್ಲಿ ಎಲೆ. ಏನ್ ಬೇಕೋ ಅವನೇ ಬಂದ್ ಹೇಳ್ಲಿ," ಎಂದು ಬಾಗಿಲೆಳೆದರು.

ಮೂವರೂ ಮೆಟ್ಟಿಲ ಮೇಲೆ ಕೂತೆವು. ಅರ್ಧ ಗಂಟೆ ಕಳೆಯಿತು. ಇನ್ನೂ ಕಾಲು ಗಂಟೆ. ಬಾಗಿಲು ತೆಗೆಯಲು ಯಾರೂ ಏಳಲಿಲ್ಲ. ಆ ಖಾಲಿ ಎಲೆಯ ಮೇಲೆ ಏನಾದರೂ ಇದ್ದುಬಿಟ್ಟರೆ ಎಂದು ನನಗೆ ಭಯ. ಏನೂ ಇಲ್ಲದಿದ್ದರೆ ಎಂದು ದೊಡ್ಡಮ್ಮನಿಗೆ. ಹೈದರಾಬಾದಿನವರು ತಲೆ ತಗ್ಗಿಸಿ ತಮ್ಮ ಪಾದಗಳನ್ನೇ ನೋಡುತ್ತಿದ್ದರು.

ಸಾಲು ತಪ್ಪಿ ಎಣಿಸಿದವಳು ನಾನು. ಎದ್ದು ಹೋಗಿ ಚಿಲಕಕ್ಕೆ ಕೈಯಿಟ್ಟೆ.