ಕೋರ್ಟಿನ ಮುಂದೆ ಹೇಳಿದ ಸುಳ್ಳು

ಹುಣಸೂರಿನ ಕೋರ್ಟಿನ ಮುಂದೆ ಪೊಲೀಸ್ ವ್ಯಾನಿನಿಂದ ಇಳಿದ ಹೋರಾಟಗಾರ ಚಂದ್ರಣ್ಣನವರ ಗುರುತು ನನಗೆ ತಕ್ಷಣ ಸಿಗಲಿಲ್ಲ, ಅವರನ್ನು ನೋಡಲೆಂದೇ ಹೋಗಿದ್ದರೂ. ಗಡ್ಡ ಪೂರಾ ಬೆಳ್ಳಗಾಗಿತ್ತು. ಹೊಳೆ ಉಕ್ಕಿ ನಮ್ಮ ಬೀದಿಯ ಮನೆಗಳು ಕುಸಿದಾಗ ಸರ್ಕಾರದವರು ನಮ್ಮನ್ನು ತಗಡಿನ ಶೆಡ್ಡುಗಳಲ್ಲಿ ಇರಿಸಿದ್ದರು. ಬದಲಿ ಮನೆ ಕೊಡದೆ ಅಲ್ಲಿಂದಲೂ ಎಬ್ಬಿಸಲು ಬಂದ ದಿನ ಚಂದ್ರಣ್ಣ ಜೆಸಿಬಿ ಮುಂದೆ ಮಲಗಿಬಿಟ್ಟರು. ಅದಕ್ಕೇ ಅವರು ಜೈಲು ಸೇರಿದ್ದು.

ಹತ್ತಿರ ಹೋದೆ. ಪೇದೆ ತಡೆಯಲಿಲ್ಲ. ಕೇಸಿನ ಬಗ್ಗೆ ಒಂದು ಮಾತೂ ಆಡದೆ ಅವರು ಕೇಳಿದರು, "ಶೆಡ್ಡುಗಳು ಅಂಗೇ ಅವೆ ತಾನೆ, ಮಾದೇವಮ್ಮ?"

ಹಿಂದಿನ ವಾರವಷ್ಟೇ ಅವನ್ನೆಲ್ಲ ಕಿತ್ತುಹಾಕಿದ್ದರು. ನಾವೆಲ್ಲ ದಿಕ್ಕಿಗೊಬ್ಬರಾಗಿ ನೆಂಟರ ಜಗುಲಿ ಸೇರಿದ್ದೆವು.

"ಅಂಗೇ ಅವೆ ಕಣಣ್ಣ. ಎಲ್ರೂ ಅಲ್ಲೇ ಅವ್ರೆ," ಅಂದೆ.

"ಅಷ್ಟಾದ್ರೆ ಸಾಕು ಬುಡವ್ವ," ಎಂದು ನಕ್ಕು ಒಳಗೆ ನಡೆದರು.

ಜಾಮೀನು ಅವತ್ತೂ ಸಿಗಲಿಲ್ಲ. ಜೈಲಿನಲ್ಲಾದರೂ ಅವರು ನೆಮ್ಮದಿಯಿಂದಿರಲಿ ಎಂದು ಹಾಗೆ ಹೇಳಿದ್ದೆ. ಬಿಡುಗಡೆಯಾದ ದಿನ ಅವರು ಮೊದಲು ಬರುವುದು ಆ ಶೆಡ್ಡುಗಳ ಹತ್ತಿರವೇ ಎಂಬುದು ಬಸ್ಸು ಹತ್ತಿ ಕೂತ ಮೇಲೆ ಹೊಳೆಯಿತು. ಈಗ ಅವರ ಬಿಡುಗಡೆಯ ಸುದ್ದಿ ಕೇಳಲೂ ನನಗೆ ಭಯ.