ಗಾರೆ ಮೇಸ್ತ್ರಿಯ ಎಡಗಡೆ

ನಮ್ಮ ಗಾರೆ ಮೇಸ್ತ್ರಿಯ ಬಲಗಡೆ ಹೊಡೆತ ಎಂಥದೆಂದರೆ, ಚೆಂಡು ಗೋಡೆಗೆ ಬಡಿದ ಸದ್ದಿಗೆ ಪಕ್ಕದ ಬೀದಿಯವರು ಎದ್ದು ಹಲ್ಲುಜ್ಜುತ್ತಿದ್ದರು. ಎಡಕ್ಕೆ ಬಂದ ಚೆಂಡಿನ ಮಾತೇ ಬೇರೆ. ಅದನ್ನು ಸುತ್ತುಹಾಕಿ ಓಡಿ, ಹೇಗಾದರೂ ಬಲಕ್ಕೆ ತಂದುಕೊಂಡೇ ಹೊಡೆಯಬೇಕು. ಹಾಗೆ ಓಡಿದ್ದನ್ನೆಲ್ಲ ನೇರ ಓಡಿದ್ದರೆ ಭೂಮಿಗೆ ಎರಡು ಸುತ್ತು ಬಂದು ಊಟದ ಹೊತ್ತಿಗೆ ಮನೆ ಸೇರಬಹುದಿತ್ತು.

ಆಟ ರ‍್ಯಾಕೆಟ್‌ಬಾಲ್. ನಾಲ್ಕು ಗೋಡೆಯ ಕೋಣೆಯಲ್ಲಿ, ಚೆಂಡು ಎರಡನೇ ಸಲ ನೆಲ ಮುಟ್ಟುವ ಮೊದಲು ಹೊಡೆದು ಎದುರು ಗೋಡೆಗೆ ಮುಟ್ಟಿಸಬೇಕು. ಊರಿಗೆ ಇದ್ದದ್ದು ಅಂಥದೊಂದೇ ಕೋಣೆ. ಮೇಸ್ತ್ರಿಗೆ ಅದು ಸಿಗುತ್ತಿದ್ದದ್ದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಏಳರಿಂದ ಎಂಟು. ಅದೇ ಹೊತ್ತು ಭಾವನಿಗೂ, ಅಂದರೆ ಹೆಂಡತಿಯ ಅಣ್ಣ ಬಸ್ ಡ್ರೈವರಿಗೂ, ಡಿಪೋದ ಗೆಳೆಯರ ಜೊತೆ ಆಡಲು ಬೇಕಾಯಿತು. ಬರುವ ಭಾನುವಾರ ಹದಿನೈದು ಪಾಯಿಂಟಿನ ಒಂದೇ ಆಟ, ಗೆದ್ದವನಿಗೆ ಆ ಗಂಟೆ ಎಂದು ಮಾತಾಯಿತು.

“ನಿನಗೆ ಎಡಗಡೆ ಅನ್ನೋದೇ ಇಲ್ವಲ್ಲಪ್ಪಾ,” ಎಂದ ಭಾವ. “ನನ್ನ ಬಸ್ಸಿಗಾದ್ರೂ ಎರಡೂ ಕಡೆ ಕಿಟಕಿ ಇದೆ.”

ಸೋಮವಾರ, ಮಂಗಳವಾರ ಕೆಲಸ ಬಿಟ್ಟ ಮೇಲೆ ಮೇಸ್ತ್ರಿ ಕಟ್ಟುತ್ತಿದ್ದ ಮನೆಯಲ್ಲೇ ಚೆಂಡಿಗೆ ಎದೆಯೊಡ್ಡಿ ನಿಂತು, ನೊಣ ಓಡಿಸುವವನಂತೆ ಎಡಕ್ಕೆ ಬೀಸಿದ. ಚೆಂಡು ಎದುರು ಗೋಡೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಯಿತು.

ಬುಧವಾರ, ಅರ್ಧ ಕಟ್ಟಿದ ಆ ಮನೆಯಲ್ಲಿ ಆತ ಕರಣೆಯಿಂದ ಗೋಡೆಗೆ ಗಾರೆ ಎಸೆಯುತ್ತಿದ್ದ, ಹೆಂಡತಿ ಕಲಸುತ್ತಿದ್ದಳು.

“ರೀ, ಹಾಗೇ ನಿಂತ್ಕೊಳ್ಳಿ!”

“ಏನೇ? ಹಾವಾ?”

“ಹಾವೂ ಇಲ್ಲ, ಹಲ್ಲೀನೂ ಇಲ್ಲ. ನಿಮ್ಮ ಕಾಲು ನೋಡ್ಕೊಳ್ಳಿ.”

ಆ ಮನೆಯ ಕೋಣೆಯ ಬಲ ಮೂಲೆಯಲ್ಲಿ ಪಕ್ಕದ ಗೋಡೆ ಮೊಣಕೈಗೆ ಅಡ್ಡ ಬರುತ್ತದೆ. ಆದ್ದರಿಂದ ಆತ ಬಲಭುಜವನ್ನು ಎದುರು ಗೋಡೆಯ ಕಡೆಗೆ ತಿರುಗಿಸಿ, ಬಲಗಾಲು ಮುಂದಿಟ್ಟು, ಕರಣೆಯನ್ನು ಎಡಭುಜದ ತನಕ ಒಯ್ದು, ಕೊನೆಗೆ ಮಣಿಕಟ್ಟು ಚಿಮ್ಮಿ ಗಾರೆ ಎಸೆದಿದ್ದ.

“ಇದೇ ಅಲ್ವೇನ್ರೀ ಬ್ಯಾಕ್‌ಹ್ಯಾಂಡು, ಎಡಗಡೆ ಹೊಡೆತ? ಇಪ್ಪತ್ತು ವರ್ಷದಿಂದ ಹೊಡೀತಿದ್ದೀರಿ!”

“ಗಾರೆ ಚೆಂಡಿನ ಹಾಗೆ ನನ್ನ ಮೇಲೆ ಬರಲ್ವಲ್ಲೇ.”

“ಬರ್ಲಿ, ಕಾಯಿರಿ. ಮೊಣಕಾಲಿನ ಮಟ್ಟಕ್ಕೆ ಇಳಿದ ಮೇಲೆ ಹೊಡೀರಿ. ಅದಕ್ಕಿಂತ ಮೊದಲು ಕೈಯೆತ್ತಿದ್ರೆ ಕಲಸೋ ಕೆಲಸಾನೂ ನಿಮ್ಮದೇ.”

ಆಮೇಲೆ ಮೂರು ದಿನ ಕೆಲಸ ಮುಗಿದೊಡನೆ ಅಲ್ಲೇ ಆಕೆ ಚೆಂಡು ಎಸೆದಳು, ಈತ ಹೊಡೆದ. ಆ ಪೆಟ್ಟಿಗೆ ಆ ಮನೆ ಒಂದು ಗೇಣು ಪಕ್ಕಕ್ಕೆ ಸರಿದಿದೆ. ಬೇಕಾದವರು ಅಳೆದು ನೋಡಬಹುದು.

ಭಾನುವಾರ ಭಾವ ಎಡಕ್ಕೆ ಹೊಡೆದ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ. ಮೇಸ್ತ್ರಿ ಆತುರಪಟ್ಟು ಆರು ಪಾಯಿಂಟ್ ಕಳೆದುಕೊಂಡ. “ಕಾಯಿರೀ!” ಎಂದು ಆಟ ನೋಡುವವರ ಮೇಲಿನ ಅಟ್ಟಣಿಗೆಯಿಂದ ಹೆಂಡತಿ ಕೂಗಿದಳು. ಕಾದ. ಈತನ ಪಾಯಿಂಟೂ ಆರಾಯಿತು, ಆರು ಎಂಟಾಯಿತು, ಎಂಟು ಹನ್ನೊಂದಾಯಿತು. ಹದಿನಾಲ್ಕು–ಹದಿನಾಲ್ಕು! ಸರ್ವ್ ಮೇಸ್ತ್ರಿಯದು. ಹೆಂಡತಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಾನು ಉಸಿರು ಬಿಗಿಹಿಡಿದವನು ಅದನ್ನು ಬಿಟ್ಟದ್ದು ಮಂಗಳವಾರ.

ಭಾವ ಚೆಂಡನ್ನು ಎಡಗೋಡೆಗೆ ಅಂಟಿಸಿದಂತೆ ಹಿಂದಕ್ಕೆ ಕಳಿಸಿದ. ಮೇಸ್ತ್ರಿ ಸುತ್ತುಹಾಕಿ ಓಡಲಿಲ್ಲ. ತಿರುಗಿದ, ಬಲಗಾಲು ಮುಂದಿಟ್ಟ, ಚೆಂಡು ಇಳಿಯಲೆಂದು ಕಾದ, ಚಿಮ್ಮಿದ. ಚೆಂಡು ಎದುರು ಗೋಡೆಯ ಬುಡದಲ್ಲಿ, ನೆಲದಿಂದ ನಾಲ್ಕೇ ಬೆರಳು ಮೇಲೆ ಬಡಿದು, ಪುಟಿಯದೆ ಉರುಳಿ ಬಂತು. ಗೆದ್ದವನು ಕುಣಿಯಬೇಕೋ ಬೇಡವೋ? ಈತ ಅಭ್ಯಾಸಬಲದಿಂದ ಮುಂದೆ ಹೋಗಿ, ಬಡಿದ ಜಾಗವನ್ನು ರ‍್ಯಾಕೆಟ್ಟಿನಿಂದ ಸವರಿ ನಯಮಾಡಿದ!

ಭಾವ ಬೆವರೊರೆಸಿಕೊಂಡು ಕೋಣೆಯ ಬಾಗಿಲಿನ ಬೋರ್ಡಿನಲ್ಲಿ ಏಳು ಗಂಟೆಯ ಮುಂದೆ ಮೊದಲೇ ಬರೆದಿಟ್ಟಿದ್ದ ತನ್ನ ಹೆಸರು ಅಳಿಸಿದ. ಆಮೇಲೆ ಮೆಲ್ಲನೆ ತಂಗಿಯ ಹತ್ತಿರ ಬಂದ.

“ಬುಧವಾರ ನನಗೆ ರಜಾ ಕಣೇ. ನಿಮ್ಮ ಕೆಲಸಕ್ಕೆ ಆಳು ಬೇಕಾ?”

“ಬಾರಣ್ಣ,” ಎಂದಳು ಆಕೆ. “ಕರಣೆ ಮುಟ್ಟೋದು ಆಮೇಲೆ. ಮೊದಲು ಒಂದು ವರ್ಷ ಮರಳು ಜರಡಿ ಹಿಡಿ.”